ಮನೆಯ ಎಡಗೈ

ಧಣಿಯ ಮನೆಯ ಮುಂದೆ ಧರಣಿ ಕೂತಿದ್ದ ಕಾಲದಲ್ಲಿ ನಾನು ಆ ಮನೆಯನ್ನು ಕಣ್ಣು ಬಿಟ್ಟು ನೋಡಿರಲೇ ಇಲ್ಲ. ನಮಗೆ ಅದು ಮನೆಯಾಗಿರಲಿಲ್ಲ, ಎದುರಾಳಿಯಾಗಿತ್ತು. ಅದರ ಮೇಲಂತಸ್ತು ಕೆಳಗಿನದಕ್ಕಿಂತ ಒಂದು ಮೊಳ ಮುಂದಕ್ಕೆ ಚಾಚಿಕೊಂಡಿತ್ತು. ಥೇಟ್ ಧಣಿಯ ಹೊಟ್ಟೆ ಎಂದು ನಗಾಡುತ್ತಿದ್ದೆವು. ಬಿಸಿಲೇರಿದಾಗ ಅದೇ ಹೊಟ್ಟೆಯ ನೆರಳಿಗೆ ಸರಿದು ಕೂತು ಧಿಕ್ಕಾರ ಕೂಗುತ್ತಿದ್ದೆವು. ಗೋಡೆಯ ತುಂಬ ಕಪ್ಪು ಮರದ ಪಟ್ಟಿಗಳು, ನಡುನಡುವೆ ಸುಣ್ಣ ಬಳಿದ ಬಿಳಿ ಚೌಕಗಳು. ಆ ಪಟ್ಟಿಗಳು ಶೋಕಿಗಲ್ಲ, ಅವೇ ಮನೆಯ ಮೂಳೆ ಎಂದು ನನಗೆ ಹೇಳಿದವನು ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬ ಗಿಡ್ಡ ಬಡಗಿ.

"ಗೋಡೆಯೆಲ್ಲ ಬಿದ್ರೂ ಈ ಮನೆ ಬೀಳಲ್ಲ. ಗೋಡೆ ಬರೀ ತಡಿಕೆ, ಮೇಲೆ ಮಣ್ಣು. ಭಾರ ಹೊತ್ತಿರೋದು ಮರ," ಅಂದ.

"ಹಾಗಾದ್ರೆ ಬೆಂಕಿ ಇಟ್ರೆ ಚೆನ್ನಾಗಿ ಉರಿಯುತ್ತೆ ಅನ್ನು," ಅಂದೆ.

"ಬಹಳ ಚೆನ್ನಾಗಿ ಉರಿಯುತ್ತೆ. ಆಮೇಲೆ ನೆರಳಿಗೆ ಎಲ್ಲಿ ಕೂರ್ತೀಯ?"

ಧರಣಿಯ ಕೊನೆಯ ದಿನ ಪೊಲೀಸರು ಬಂದರು. ನಾವೆಲ್ಲ ದಡಬಡ ಎದ್ದು ಓಡಿದೆವು. ಬಡಗಿ ಮಾತ್ರ ಏಳಲಿಲ್ಲ. "ಇವನೇನು ಇಲ್ಲಿ ಗೂಟ ಹೊಡ್ಕೊಂಡು ಕೂತಿದಾನಾ?" ಎಂದು ಇನ್‌ಸ್ಪೆಕ್ಟರ್ ಕಿರುಚಿದ. ಮರುದಿನದಿಂದ ಅವನು ಊರಿಗೆಲ್ಲ ಗೂಟ. ಅವನ ಕೆಚ್ಚಿನ ಬಗ್ಗೆ ಎಷ್ಟೋ ಭಾಷಣಗಳಾದವು. ಅವನು ಮಾತ್ರ ಕೇಳಿದವರಿಗೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ಕೆಚ್ಚು ಎಲ್ಲಿಂದ ಬರ್ಬೇಕು ಕಣಯ್ಯ, ಕಾಲು ಜೋಮು ಹಿಡಿದಿತ್ತು."

ಗೂಟನ ಅಪ್ಪ ಅಂಥ ಮನೆಗಳನ್ನು ಕಟ್ಟುತ್ತಿದ್ದವರ ಪೈಕಿ ಕೊನೆಯವನು. ಮೊಳೆ ಮುಟ್ಟದೆ ಮರಕ್ಕೆ ಮರ ಕೂಡಿಸುವ ಕೆಲಸ. ತೊಲೆಯ ತುದಿಯಲ್ಲಿ ನಾಲಿಗೆ ಕೊರೆಯಬೇಕು, ಕಂಬದಲ್ಲಿ ಬಾಯಿ ತೋಡಬೇಕು, ನಾಲಿಗೆ ಬಾಯೊಳಗೆ ಹೋಗಿ ಕೂತ ಮೇಲೆ ಎರಡಕ್ಕೂ ಸೇರಿಸಿ ಅಡ್ಡಲಾಗಿ ಒಂದು ಮರದ ಗೂಟ ಜಡಿಯಬೇಕು. ಮಗ ಅದನ್ನು ಅರ್ಧ ಕಲಿಯುವಷ್ಟರಲ್ಲಿ ಕಾಂಕ್ರೀಟು ಬಂತು, ಅಪ್ಪನೂ ಹೋದ. ಅಲ್ಲಿಂದ ಬಾಳೆಲ್ಲ ಸೆಂಟ್ರಿಂಗ್. ಕಾಂಕ್ರೀಟು ಸುರಿಯುವುದಕ್ಕೆ ಹಲಗೆಯ ಅಚ್ಚು ಕಟ್ಟುವುದು, ಅದು ಗಟ್ಟಿಯಾದ ಮೇಲೆ ಅಚ್ಚನ್ನು ಕಿತ್ತು ಬಿಸಾಡುವುದು. "ಎಲ್ರೂ ತಾವು ಕಟ್ಟಿದ್ದನ್ನ ಮೊಮ್ಮಕ್ಕಳಿಗೆ ತೋರಿಸ್ತಾರೆ. ನಾನು ಕಟ್ಟಿದ್ದೆಲ್ಲ ಒಲೆಗೆ ಹೋಯ್ತು," ಎನ್ನುತ್ತಿದ್ದ. ಆ ಕೆಲಸಕ್ಕೆ ನಾಜೂಕು ಬೇಡ. ಹಲಗೆ ಉದ್ದವಾಯಿತಾ, ಕೊಯ್ಯಿ. ಕೂರಲಿಲ್ಲವಾ, ಇನ್ನೊಂದು ಚೂರು ಕೊಯ್ಯಿ. ಗರಗಸ ಅವನ ಆರನೇ ಬೆರಳಾಗಿಬಿಟ್ಟಿತ್ತು.

ಜೊತೆಗೆ ಅವನ ಅಕ್ಕನ ಗಂಡ. ಅವನೂ ಬಡಗಿಯೇ, ಬೇರೆ ಊರಿನ ಬಡಗಿ ಮನೆತನದವನು. ಕೋಲಿನಂಥ ಆಳು, ಬಾಯಿ ಮುಚ್ಚಿದ್ದು ಕಡಿಮೆ. ಗೂಟ 'ಭಾವ, ಭಾವ' ಎಂದು ಕರೆದೂ ಕರೆದೂ ಗುತ್ತಿಗೆದಾರ, ಸಿಮೆಂಟಿನ ಅಂಗಡಿಯವನು, ಕಡೆಗೆ ನಾನು ಕೂಡ ಅವನನ್ನು ಭಾವ ಎಂದೇ ಕರೆಯುತ್ತಿದ್ದೆವು. ಒಂದೇ ಸೈಕಲ್ಲಿನಲ್ಲಿ ಉದ್ದದವನು ತುಳಿಯುತ್ತ, ಗಿಡ್ಡದವನು ಹಿಂದೆ ಗರಗಸ ತಬ್ಬಿಕೊಂಡು ಹೋಗುತ್ತಿದ್ದರೆ ಜನ ನಗುತ್ತಿದ್ದರು. ಕೆಲಸಕ್ಕೆ ಕರೆಯುವವರು ಇಬ್ಬರನ್ನೂ ಒಬ್ಬನ ಲೆಕ್ಕದಲ್ಲಿ ಕರೆಯುತ್ತಿದ್ದರು: "ಗೂಟ-ಭಾವನಿಗೆ ಹೇಳಿ ಕಳಿಸಿ."

ಭಾವನ ಕಣ್ಣು ಮಂಜಾಗತೊಡಗಿ ಎಷ್ಟೋ ವರ್ಷವಾಗಿತ್ತು. ಆಪರೇಷನ್‌ಗೆ ಜಗ್ಗುವ ಮಂಜಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಹೊರಗೆ ಇದು ಯಾರಿಗೂ ಗೊತ್ತಾಗದ ಹಾಗೆ ಗೂಟ ನೋಡಿಕೊಂಡಿದ್ದ. ಪೆನ್ಸಿಲ್ ಗೆರೆ ಕಾಣದೇ ಹೋದರೆ ಭಾವ ಒಂದು ಸಲ ಕೆಮ್ಮುತ್ತಿದ್ದ. ಕೂಡಲೇ ಗೂಟ ಬಂದು, "ಭಾವ, ಇಲ್ಲೇ ಅಲ್ವಾ ನೀವು ಹೇಳಿದ್ದು?" ಎಂದು ಉಳಿಯ ತುದಿಯನ್ನು ಗೆರೆಯ ಮೇಲೆ ಇಟ್ಟುಕೊಡುತ್ತಿದ್ದ. ನೋಡಿದವರು, ಅಕ್ಕನ ಗಂಡ ಅಂದರೆ ಎಂಥ ಮರ್ಯಾದೆ ನೋಡಿ ಎಂದು ತಲೆದೂಗುತ್ತಿದ್ದರು.

ಗೂಟನ ಬಲಭುಜವೂ ಕೆಟ್ಟಿತ್ತು. ಹಲಗೆ ಹೊತ್ತು, ತಲೆಯ ಮೇಲೆ ಸುತ್ತಿಗೆ ಬೀಸಿ, ಕೀಲು ಸವೆದು ಹೋಗಿತ್ತು. ಅಂಗಿಯ ತೋಳಿಗೆ ಕೈ ತೂರಿಸುವುದೇ ಅವನಿಗೆ ಬೆಳಗಿನ ಮೊದಲ ಕೂಲಿ. ಹೆಂಡತಿ ತೀರಿಕೊಂಡಿದ್ದಳು. ಅಕ್ಕನ ಮನೆಯ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ, ಅಕ್ಕನ ಕೈಯ ಊಟ. ಅವನಿಗೆ ಬೇಕಾಗಿದ್ದುದು ಒಂದೇ ಒಂದು: ಕೆಲಸ ಬಿಡುವುದು. ಉಳಿ ಸುತ್ತಿಗೆ ಮೂಲೆಗೆ ಹಾಕಿ ಮಲಗುವುದು. ಅದನ್ನು ನನ್ನ ಹತ್ತಿರ ಅದೆಷ್ಟು ಸಲ ಹೇಳಿದ್ದನೋ. ಒಂದು ದಿನ ನನಗೂ ರೇಗಿತು.

"ಬಿಡೋದಾದ್ರೆ ಬಿಡು. ನನ್ನ ತಲೆ ಯಾಕೆ ತಿಂತೀಯ?"

"ನಾನು ಬಿಟ್ರೆ ಭಾವನ್ನ ಯಾರು ಕರೀತಾರೆ? ಒಬ್ಬರೇ ಹೋದ್ರೆ ಮಧ್ಯಾಹ್ನದೊಳಗೆ ಕಣ್ಣಿನ ಕಥೆ ಗೊತ್ತಾಗುತ್ತೆ. ಮನೇಲಿ ಕೂತ್ರೆ ಅವರಿಗೆ ಹುಚ್ಚು ಹಿಡಿಯುತ್ತೆ. ಇಬ್ಬರು ತೊಲೆ ಹೊತ್ಕೊಂಡು ಹೋಗ್ತಿರ್ತಾರೆ, ಒಬ್ಬ ಸುಸ್ತಾಯ್ತು ಅಂತ ತನ್ನ ತುದಿ ಬಿಟ್ಟುಬಿಟ್ರೆ ಅದು ಇನ್ನೊಬ್ಬನ ಕಾಲ ಮೇಲೆ ಬೀಳುತ್ತೆ. ನಿನಗೆ ಗೊತ್ತಾಗಲ್ಲ ಬಿಡು, ನೀನು ಹೊತ್ತಿದ್ದು ಬಾವುಟ."

ಹೀಗಿರುವಾಗ ಧಣಿಯ ಮನೆಯ ಕೆಲಸ ಬಂತು.

ಧಣಿಯ ವಂಶ ಹಂಚಿಹೋಗಿ, ಮನೆ ಎಷ್ಟೋ ಕಾಲ ಬಾವಲಿಗಳ ಪಾಲಾಗಿತ್ತು. ಸರ್ಕಾರ ವಶಪಡಿಸಿಕೊಂಡಿತು. ಅದನ್ನು ಆಸ್ಪತ್ರೆ ಮಾಡಿ ಎಂದು ನಮ್ಮ ಸಂಘಟನೆಯವರು ಅರ್ಜಿ ಕೊಟ್ಟೂ ಕೊಟ್ಟೂ ಕಡೆಗೂ ಒಪ್ಪಿಸಿದರು. ಕೆಡವಿ ಹೊಸದು ಕಟ್ಟಿ ಎಂದವನು ಅದಕ್ಕೆಂದು ಮಾಡಿದ ಸಮಿತಿಯಲ್ಲಿ ನಾನೊಬ್ಬನೇ. ಕೈ ಎತ್ತಿಸಿದರು, ಸೋತೆ. ಸೋತವನಿಗೇ ಕೆಲಸ ನೋಡಿಕೊಳ್ಳುವ ಜವಾಬ್ದಾರಿ ಹೊರಿಸಿದರು. ಸಮಿತಿಗಳು ಸೇಡು ತೀರಿಸಿಕೊಳ್ಳುವುದು ಹೀಗೆ.

ಸರ್ಕಾರ ಕಳಿಸಿದ ಎಂಜಿನಿಯರಮ್ಮನ ಮುಖ ನೋಡಿದರೆ ಅವರು ನಿದ್ದೆ ಮಾಡಿ ಯಾವ ಕಾಲವಾಯಿತೋ ಅನಿಸುತ್ತಿತ್ತು. ಇಂಥ ಹಳೇ ಕಟ್ಟಡಗಳು ಜಿಲ್ಲೆಯಲ್ಲಿ ಎಷ್ಟಿದ್ದವೋ ಅಷ್ಟೂ ಅವರ ತಲೆಗೆ. ಮನೆಯನ್ನು ಸುತ್ತಿ ಬಂದು, ಚಾಕುವಿನ ತುದಿಯನ್ನು ನೆಲತೊಲೆಗೆ ಚುಚ್ಚಿದರು. ನೆಲತೊಲೆ ಅಂದರೆ ಕಲ್ಲಿನ ಪಾಯದ ಮೇಲೆ ಸುತ್ತಲೂ ಮಲಗಿಸಿದ ದಪ್ಪ ಮರ. ಕಂಬಗಳೆಲ್ಲ ಅದರ ಮೇಲೇ ನಿಂತಿರುತ್ತವೆ. ಚಾಕು ಬೆಣ್ಣೆಗೆ ಹೋದ ಹಾಗೆ ಹಿಡಿಯವರೆಗೂ ಹೋಯಿತು. ಧಣಿಯ ಮಗ ಯಾವುದೋ ಕಾಲದಲ್ಲಿ ಮನೆ ಗಟ್ಟಿಯಾಗಲಿ ಎಂದು ಅದರ ಸುತ್ತ ಸಿಮೆಂಟು ಮೆತ್ತಿಸಿದ್ದ. ಒಳಗೆ ಸೇರಿದ ನೀರು ಹೊರಗೆ ಬರಲಾರದೆ ಮರ ಉಸಿರು ಕಟ್ಟಿ ಕೊಳೆತಿತ್ತು.

"ಪೂರ್ತಿ ಬಿಚ್ಚಬೇಕು. ನೆಲತೊಲೆ ಹೊಸದು ಹಾಕಿ, ಮಿಕ್ಕಿದ್ದೆಲ್ಲ ಇದ್ದ ಹಾಗೇ ಮತ್ತೆ ನಿಲ್ಲಿಸಬೇಕು," ಅಂದರು. "ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಪ್ರತಿಯೊಂದು ನಾಲಿಗೆಗೂ ಅದರದ್ದೇ ಬಾಯಿ. ಗುರುತು ಹಾಕ್ದೆ ಒಂದನ್ನೂ ಇಳಿಸಬೇಡಿ. ಈ ಕೆಲಸ ಗೊತ್ತಿರೋರು ಯಾರಾದ್ರೂ ಇದಾರಾ?"

ಗೂಟ ನನ್ನ ಮುಖ ನೋಡಿದ. ಭಾವ ಆಗಲೇ ಎದೆ ಮುಂದೆ ಮಾಡಿದ್ದ. "ಇದೇನು ದೊಡ್ಡ ಬ್ರಹ್ಮವಿದ್ಯೆ ಅಲ್ಲ ಬಿಡೀಮ್ಮ. ನಮ್ಮಪ್ಪ ಮಾಡ್ತಿದ್ದ, ಇವರಪ್ಪ ಮಾಡ್ತಿದ್ದ."

"ನೀವು ಮಾಡಿದೀರಾ?"

"ಅಪ್ಪಂದಿರು ಮಾಡಿದಾರಲ್ಲ," ಅಂದ ಭಾವ, ಅಷ್ಟು ಸಾಕು ಎನ್ನುವ ಹಾಗೆ.

ಬಿಚ್ಚುವುದು ಸುಲಭವಾಗೇ ನಡೆಯಿತು. ಹೆಂಚು ಇಳಿಯಿತು, ಅದನ್ನು ಹೊತ್ತಿದ್ದ ರೀಪು ಪಕಾಸಿ ಇಳಿದವು. ತಡಿಕೆಯ ಮಣ್ಣು ಉದುರಿಸಿದಾಗ ಒಳಗೆ ಹೆಣೆದ ಕಡ್ಡಿಗಳಿಗೆ ಅಂಟಿದ್ದ ಮಣ್ಣಿನಲ್ಲಿ ಕಟ್ಟಿದವರ ಬೆರಳಿನ ಗುರುತುಗಳು ಇನ್ನೂ ಇದ್ದವು. ಗೋಡೆ ಹೋದ ಮೇಲೆ ಬರೀ ಅಸ್ಥಿಪಂಜರ ನಿಂತಿತು: ಮುಂದೊಂದು, ನಡುವೆ ಒಂದು, ಹಿಂದೊಂದು ದೊಡ್ಡ ಚೌಕಟ್ಟು, ಪ್ರತಿ ಚೌಕಟ್ಟಿಗೂ ಆ ಕಡೆ ಈ ಕಡೆ ಕಂಬ, ಮೇಲೆ ಅಡ್ಡತೊಲೆ, ಮೂಲೆಗಳಲ್ಲಿ ಓರೆಯಾಗಿ ಕೊಟ್ಟ ಆಸರೆ ಮರಗಳು. ಆ ಆಸರೆಗಳಿಗಾಗಿ ಹುಟ್ಟಿನಿಂದಲೇ ಬಾಗಿದ ಕೊಂಬೆಗಳನ್ನು ಹುಡುಕಿ ತಂದಿದ್ದರು. ಮುಂದಿನ ಚೌಕಟ್ಟನ್ನು ಹೊರಗೂ ಒಳಗೂ ಕೆತ್ತಿ ನುಣುಪು ಮಾಡಿದ್ದರು. ಹಿಂದೆ, ಆಳುಗಳು ಮಲಗುತ್ತಿದ್ದ ಕಡೆ, ತೊಲೆಗಳಿಗೆ ತೊಗಟೆ ಹಾಗೇ ಇತ್ತು, ಎತ್ತರ ನನ್ನ ತಲೆಗೆ ಬಡಿಯುವಷ್ಟು. ಬಡವರಿಗೆ ಮರ ಕೆತ್ತುವ ಶ್ರಮ ಯಾಕೆ ಎಂದು ಧಣಿಗೆ ಅನಿಸಿರಬೇಕು. ನನಗೆ ಆ ಮನೆಯ ಮೇಲಿದ್ದ ಹಳೇ ಸಿಟ್ಟು ಮತ್ತೆ ಬಂತು. ಸಿಟ್ಟಿನ ಜೊತೆಗೆ, ಆ ತೊಗಟೆಯ ತೊಲೆಯೂ ನುಣುಪು ತೊಲೆಯಷ್ಟೇ ಭಾರ ಹೊತ್ತಿತ್ತಲ್ಲ ಎಂಬ ಸಂಕಟವೂ ಬಂತು.

ಕೆಲಸ ಬೇಗ ಸಾಗಲಿ ಎಂದು ಇಬ್ಬರೂ ಹಂಚಿಕೊಂಡರು. ಮುಂದಿನ ಚೌಕಟ್ಟಿಗೆ ಗುರುತು ಹಾಕಿ ಬಿಚ್ಚಿದವನು ಗೂಟ. ನಡುವಿನದು, ಹಿಂದಿನದು ಭಾವನ ಪಾಲು. ಎಡಗಡೆಯ ಮರಕ್ಕೆ 'ಎ', ಬಲಗಡೆಯದಕ್ಕೆ 'ಬ' ಎಂದು ಉಳಿಯಲ್ಲಿ ಕೊರೆದರು. ಭಾವ ಮಾತ್ರ ಬೆರಳು ಹೂತುಹೋಗುವಷ್ಟು ಆಳವಾಗಿ ಕೊರೆದ. ಯಾಕೆ ಎಂದು ಗೂಟನಿಗೂ ನನಗೂ ಮಾತ್ರ ಗೊತ್ತಿತ್ತು.

ಹೊಸ ನೆಲತೊಲೆ ಬಂದು ಕೂತಿತು. ಮರಳಿ ಕಟ್ಟುವ ದಿನ ಗೂಟ ಗುರುತು ಓದಿ ಮರಗಳನ್ನು ಜಾಗಕ್ಕೆ ಸೇರಿಸಿದ, ಹತ್ತು ಹನ್ನೆರಡು ಜನ ಹಗ್ಗ ಹಿಡಿದರು. ಮುಂದಿನ ಚೌಕಟ್ಟು ಕುರ್ಚಿಯಿಂದೆದ್ದ ಮನುಷ್ಯನ ಹಾಗೆ ಸಲೀಸಾಗಿ ಎದ್ದು ನಿಂತಿತು. ನಡುವಿನದು ತಕರಾರು ತೆಗೆಯಿತು. ಅಡ್ಡತೊಲೆಯ ನಾಲಿಗೆ ಕಂಬದ ಬಾಯಿಗೆ ದಪ್ಪವಾಯಿತು. ಕಣ್ಣು ಬೇಕಾದ ಕೆಲಸವಾದ್ದರಿಂದ ಮೇಲೆ ಅಟ್ಟಣಿಗೆಯಲ್ಲಿ ನಾಲಿಗೆಯ ಹತ್ತಿರ ಕೂತಿದ್ದವನು ಗೂಟ. ಕೆಳಗೆ ಹಗ್ಗದ ತುದಿಯಲ್ಲಿ ಭಾವ.

"ಕೂತ್ಕೊಳ್ತಾ?" ಎಂದು ಕೆಳಗಿನಿಂದ ಭಾವ ಕೂಗಿದ.

"ಕೂತ್ಕೊಳುತ್ತೆ, ಹಿಡ್ಕೊಂಡಿರಿ!"

ಕೂರಲಿಲ್ಲ. ಮರದ ಸುತ್ತಿಗೆಯಲ್ಲಿ ಬಡಿದ. ಬಡಿದಷ್ಟೂ ಅವನ ಭುಜದಿಂದ ಬೆನ್ನಿನವರೆಗೆ ಸಿಡಿಲು ಹೊಡೆದ ಹಾಗಾಗುತ್ತಿತ್ತು. ಅಪ್ಪ ಬದುಕಿದ್ದರೆ ಆ ಹೊತ್ತಿನಲ್ಲಿ ಕೆಲಸ ನಿಲ್ಲಿಸಿ, ಕೆಳಗಿಳಿದು, ಒಂದು ಲೋಟ ನೀರು ಕುಡಿದು, ಇದು ಯಾಕೆ ಕೂರುತ್ತಿಲ್ಲ ಎಂದು ಯೋಚನೆ ಮಾಡುತ್ತಿದ್ದನೇನೋ. ಆದರೆ ಮೇಲೆ ಕೂತಿದ್ದವನು ಸೆಂಟ್ರಿಂಗಿನವನು. ಕೈ ತಾನಾಗಿ ಗರಗಸಕ್ಕೆ ಹೋಯಿತು. ನಾಲಿಗೆಯ ಎರಡೂ ಕೆನ್ನೆಯಿಂದ ಒಂದೊಂದು ಬಿಲ್ಲೆ ಕೊಯ್ದು ಕೆಳಗೆ ಹಾಕಿದ. ನಾಲಿಗೆ ಜಾರಿ ಒಳಗೆ ಹೋಯಿತು. "ಕೂತ್ಕೊಂಡ್ತು!" ಎಂದ. ಎಲ್ಲರೂ ಹೋ ಎಂದರು.

ಮರುದಿನ ಬೆಳಗ್ಗೆ ಹಿಂದಿನ ಚೌಕಟ್ಟು. ಅದರ ಕಂಬಗಳನ್ನು ಎತ್ತಿ ನಿಲ್ಲಿಸಿದ ಕೂಡಲೇ ಹಗ್ಗ ಹಿಡಿದಿದ್ದ ಹೆಂಗಸೊಬ್ಬಳು, "ಇದೇನು, ಇದು ಆ ಕಡೆ ಯಾರಿಗೆ ಕಾಯ್ತಿದೆ?" ಅಂದಳು. ಒಳಗೆ ಮನೆಯ ಕಡೆ ನೋಡಬೇಕಾಗಿದ್ದ ಬಾಯಿಗಳೆಲ್ಲ ಹೊರಗೆ ಹೊಲದ ಕಡೆ ಆ ಎಂದು ತೆರೆದುಕೊಂಡು ನಿಂತಿದ್ದವು. ಎಡದ ಕಂಬ ಬಲಕ್ಕೆ ಬಂದಿತ್ತು, ಬಲದ್ದು ಎಡಕ್ಕೆ ಹೋಗಿತ್ತು. ನಡುವಿನ ಚೌಕಟ್ಟಿನಲ್ಲೂ ಹೀಗೇ ಆಗಿತ್ತು, ಅದರ ಕಂಬಗಳ ಬಾಯಿ ಆರಪಾರ ತೋಡಿದ್ದರಿಂದ ಕಣ್ಣಿಗೆ ಬಿದ್ದಿರಲಿಲ್ಲ.

ಕೆಲಸ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಎಂಜಿನಿಯರಮ್ಮ ಬಂದರು. ಗುತ್ತಿಗೆದಾರನ ಮೇಸ್ತ್ರಿ ಅವರನ್ನು ಗೇಟಿನಲ್ಲೇ ಹಿಡಿದುಕೊಂಡು ಕಿವಿ ತುಂಬಿದ. ಅವನಿಗೆ ಮೊದಲಿಂದಲೂ ಈ ಮುದುಕರು ಬೇಡವಾಗಿದ್ದರು.

"ಗುರುತು ಹಾಕಿದ್ದು ಯಾರು?" ಎಂದು ಎಂಜಿನಿಯರಮ್ಮ ಕೇಳಿದರು.

"ನಾನು," ಅಂದ ಭಾವ. "ಗುರುತು ಸರಿಯಾಗೇ ಇದೆ."

"ಸರಿಯಾಗಿದ್ರೆ ಎಡದ್ದು ಬಲಕ್ಕೆ ಯಾಕೆ ಬಂತು?"

"ಬಂದಿಲ್ಲ, ತಂದಿದಾರೆ. ಎಡ ಅಂದ್ರೆ ಎಡ. ನಿಮ್ಮ ಎಡಗೈ ಯಾವುದಮ್ಮ? ಎತ್ತಿ ನೋಡೋಣ. ಹಾಂ. ನಾನು ನಿಮ್ಮ ಎದುರು ನಿಂತಿದೀನಿ ಅಂತ ಅದು ಬಲಗೈ ಆಗುತ್ತಾ? ಮನೆ ಬಾಗಿಲ ಕಡೆ ಮುಖ ಮಾಡಿ ನಿಂತಿದೆ. ಅದರ ಎಡಗೈ ಆ ಕಡೆ. ನಮ್ಮಪ್ಪ ಹಾಗೇ ಹೇಳಿಕೊಟ್ಟಿದ್ದು."

ಗೂಟ ಬಾಯಿ ತೆರೆದು ನಿಂತಿದ್ದ. "ಮನೆಗೆ ಎಲ್ಲಿ ಕೈ ಭಾವ? ಬಾಗಿಲ ಮುಂದೆ ನಿಂತು ನೋಡೋನಿಗೆ ಯಾವುದು ಎಡವೋ ಅದು ಎಡ. ನಮ್ಮಪ್ಪ ಹೇಳಿಕೊಟ್ಟಿದ್ದು ಅದು."

"ನಿಮ್ಮಪ್ಪ ಮನೆ ಹೊರಗೆ ನಿಂತು ನೋಡಿದ್ದು ಅನ್ನು. ಒಳಗೆ ಯಾರೂ ಕರೀಲಿಲ್ವೇನೋ."

ಜನ ನಕ್ಕರು. ಎಂಜಿನಿಯರಮ್ಮನೂ ಸುಸ್ತಿನಲ್ಲೇ ನಕ್ಕರು. ನನಗೆ ನಗು ಬರಲಿಲ್ಲ, ತಲೆ ತಿರುಗಿತು. ಅಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿ, ಒಬ್ಬನ ಎಡ ಇನ್ನೊಬ್ಬನ ಬಲ ಎಂದು ಇಬ್ಬರಿಗೂ ಗೊತ್ತಿರಲಿಲ್ಲ! ಗೊತ್ತಾಗುವುದಾದರೂ ಹೇಗೆ? ಸೆಂಟ್ರಿಂಗಿನಲ್ಲಿ ಎಡ ಬಲ ಯಾರು ಕೇಳುತ್ತಾರೆ? ಎರಡೂ ಕಡೆ ಒಂದೇ ಹಲಗೆ. 'ಈ ಕಡೆ ಹಿಡಿ, ಆ ಕಡೆ ಹೊಡಿ' ಎನ್ನುವುದರಲ್ಲೇ ಅವರ ಬಾಳು ಮುಗಿದಿತ್ತು.

"ಸರಿ ಬಿಡಿ, ಅದಲು ಬದಲು ಮಾಡಿದ್ರೆ ಆಯ್ತು," ಎಂದರು ಎಂಜಿನಿಯರಮ್ಮ. ನಡುವಿನ ಚೌಕಟ್ಟನ್ನು ಇಳಿಸಿದರು. ಆಗ ಅವರ ಕಣ್ಣಿಗೆ ಅಡ್ಡತೊಲೆಯ ತುದಿ ಬಿತ್ತು. ಕಪ್ಪು ಮರದಲ್ಲಿ ಹಸಿ ಗಾಯದಂಥ ಹೊಸ ಕೊಯ್ತ. ಅದರದ್ದೇ ಬಾಯಿಗೆ ಹಾಕಿ ನೋಡಿದರೆ ಬಾವಿಗೆ ಕೋಲು ಬಿಟ್ಟ ಹಾಗೆ ಲೊಡಲೊಡ. ಅವರ ಮುಖದ ನಗು ಹೋಯಿತು.

"ಇದನ್ನ ಕೊಯ್ದಿದ್ದು ಯಾರು?"

ಮೇಸ್ತ್ರಿ ಮುಂದೆ ಬಂದ. "ಇನ್ಯಾರು ಮೇಡಂ, ಉದ್ದದ ಮುದುಕನೇ. ಅವರಿಗೆ ಕಣ್ಣು ಕಾಣಲ್ಲ. ಮೊನ್ನೆ ಏಣಿಗೇ ಡಿಕ್ಕಿ ಹೊಡೆದ್ರು, ನಾನೇ ನೋಡಿದೀನಿ. ಕಣ್ಣು ಕಾಣದೋರ ಕೈಗೆ ಗರಗಸ ಕೊಟ್ರೆ ಇನ್ನೇನಾಗುತ್ತೆ? ಇವತ್ತೇ ಮನೆಗೆ ಕಳಿಸಿ."

ಎಲ್ಲರೂ ಭಾವನ ಕಡೆ ನೋಡಿದರು. ಯಾವತ್ತೂ ಮಾತಿಗೆ ಬರವಿಲ್ಲದ ಭಾವ ಕಂಬದ ಹಾಗೆ ನಿಂತಿದ್ದ.

ಆ ಹೊತ್ತಿನಲ್ಲಿ ಗೂಟನ ತಲೆಯೊಳಗೆ ಏನು ಓಡುತ್ತಿತ್ತು ಎಂಬುದನ್ನು ಅವನೇ ಆಮೇಲೆ ನನಗೆ ಹೇಳಿದ್ದಾನೆ, ಮುಚ್ಚುಮರೆಯಿಲ್ಲದೆ. ಸುಮ್ಮನೆ ಇದ್ದರೆ ಸಾಕಿತ್ತು. ಸುಳ್ಳು ಹೇಳಬೇಕಾಗಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಭಾವನನ್ನು ಮನೆಗೆ ಕಳಿಸುತ್ತಾರೆ. ಭಾವ ಹೋದ ಮೇಲೆ ತಾನು ಯಾರ ಕಣ್ಣಾಗಿ ಇಲ್ಲಿರಬೇಕು? ತಾನೂ ಹೋಗಬಹುದು. ನಾಳೆ ಬೆಳಗ್ಗೆ ಅಂಗಿ ತೊಡುವ ಕೆಲಸವಿಲ್ಲ. ವರ್ಷಗಟ್ಟಲೆ ಕೇಳಿಕೊಂಡದ್ದು ಕಾಲ ಬಳಿ ಬಂದು ಬಿದ್ದಿತ್ತು.

"ಕೊಯ್ದಿದ್ದು ನಾನು," ಅಂದ ಗೂಟ.

"ನೀವಾ? ಯಾಕೆ?"

"ಕೂರ್ಲಿಲ್ಲ. ಕೊಯ್ದೆ. ಭುಜ ನೋಯ್ತಿತ್ತು, ಬೇಗ ಇಳೀಬೇಕಿತ್ತು." ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, "ಅವರಿಗೆ ಕಣ್ಣು ಕಾಣ್ದೆ ಇರಬಹುದು. ಕಣ್ಣು ಕಾಣೋ ನಾನೇ ಕುರುಡನ ಕೆಲಸ ಮಾಡಿದ್ದು," ಅಂದ.

ಎಂಜಿನಿಯರಮ್ಮ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈಯುವುದಕ್ಕೂ ಅವರಲ್ಲಿ ತ್ರಾಣ ಉಳಿದಿರಲಿಲ್ಲ. "ಈಗ ಬೇರೆ ಯಾರನ್ನ ಹುಡುಕಲಿ ನಾನು? ಕೆಡಿಸಿದೋರೇ ಸರಿ ಮಾಡಿ. ಇದು ನಿಲ್ಲೋವರೆಗೆ ಇಬ್ರೂ ಎಲ್ಲಿಗೂ ಹೋಗೋ ಹಾಗಿಲ್ಲ," ಅಂದರು.

ಅವತ್ತು ಸಂಜೆ ನಾನೂ ಅವರ ಜೊತೆ ಮನೆಗೆ ಹೋದೆ. ಅಕ್ಕ ಹಿತ್ತಲ ಕಟ್ಟೆಯ ಮೇಲೆ ಕೂತು ಕಾಳು ಬಿಡಿಸುತ್ತಿದ್ದಳು. ಗೂಟ ಚೀಲ ಕೆಳಗಿಟ್ಟವನೇ ಭಾವನ ಕಡೆ ತಿರುಗಿದ.

"ನೀನ್ಯಾಕೆ ಬಾಯ್ಬಿಡಲಿಲ್ಲ?"

ಅಕ್ಕ ತಲೆ ಎತ್ತಿದಳು. "ಏನೋ ಇದು? ಭಾವನಿಗೆ ನೀನು ಅಂತೀಯಾ?"

"ಅಂತೀನಿ. ನಾನು ಕೊಯ್ದಿದ್ದು ಅಂತ ಇವನಿಗೆ ಗೊತ್ತು. ಆ ಮೇಸ್ತ್ರಿ ಮುಖದ ಮೇಲೇ ಕುರುಡ ಅಂತಿದಾನೆ, ಇವನು ಮದುವೆ ಗಂಡ್ನ ಹಾಗೆ ನಿಂತಿದಾನೆ. ಊರಿನವರೆಲ್ಲರ ಹತ್ರ ಆಡೋ ಬಾಯಿ ಆಗ ಎಲ್ಲಿಗೆ ಹೋಗಿತ್ತು?"

"ಅಂದ್ರೆ ಅನ್ಲಿ ಬಿಡು," ಭಾವ ಗೋಡೆ ಹಿಡಿದು ನಿಧಾನಕ್ಕೆ ಕೂತ. "ಅಂದು ಮನೆಗೆ ಕಳಿಸ್ತಿದ್ದ ತಾನೇ? ಬಾಗಿಲು ತೆಗೆದು ಹೋಗು ಅಂತಿದ್ದ ಕಣೋ. ನಾನು ಇನ್ನೇನು ಕಾಲಿಡಬೇಕು, ನೀನು ಬಂದು ಮಧ್ಯ ನಿಂತೆ. ಗೂಟ ಅಂತ ಸುಮ್ನೆ ಕರೀತಾರಾ ನಿನ್ನ?"

"ಮನೆಗೆ ಹೋಗ್ಬೇಕು ಅಂತ ಇತ್ತಾ ನಿಮಗೆ?" ಗೂಟನ ಬಾಯಿ ಮತ್ತೆ ನೀವುಗೆ ಮರಳಿತ್ತು.

"ಇಲ್ದೆ? ಏಣಿ ಹತ್ತುವಾಗ ಮುಂದಿನ ಮೆಟ್ಟಿಲು ಇದೆಯೋ ಇಲ್ವೋ ತಿಳಿಯಲ್ಲ. ಕಾಲಲ್ಲಿ ತಡಕ್ತೀನಿ. ದಿನಾ ಸತ್ತು ದಿನಾ ಹುಟ್ತಿದೀನಿ."

"ಮತ್ತೆ ಬಿಡೋಕೇನಾಗಿತ್ತು?"

"ನಾನು ಬಿಟ್ರೆ ನಿನ್ನನ್ನ ಯಾರೋ ಕರೀತಾರೆ? ಕೈ ಮೇಲೆತ್ತೋಕೆ ಆಗುತ್ತಾ ನಿನಗೆ? ಇಷ್ಟು ವರ್ಷ ತಲೆ ಮೇಲಿನ ಕೆಲಸ ಎಲ್ಲ ಮಾಡಿದ್ದು ಯಾರು? ನಾನು ಉದ್ದ ಇರೋದ್ರಿಂದ ಯಾರಿಗೂ ಅನುಮಾನ ಬರ್ಲಿಲ್ಲ. ನಾನು ಕೂತ್ರೆ ನಿನ್ನ ಗತಿ ಏನು ಅಂತ..."

ಗೂಟನೂ ಕೂತ. ಇಬ್ಬರ ನಡುವೆ ಕಾಳಿನ ಮೊರ.

ಅಕ್ಕ ಕೈಯಲ್ಲಿದ್ದ ಸಿಪ್ಪೆಯನ್ನು ತಮ್ಮನ ಮೇಲೆ ಎಸೆದಳು. "ಇವರು ಉಪ್ಪಿನ ಡಬ್ಬಿಗೆ ಸಕ್ಕರೆ ಸುರಿಯೋದು ನನಗೆ ಕಾಣಲ್ವಾ? ನೀನು ಒಂದೇ ಕೈಯಲ್ಲಿ ತಲೆ ಬಾಚೋದು ಕಾಣಲ್ವಾ? ಇಬ್ಬರಿಗೂ ಕೆಲಸದ ಚಟ, ಬಿಡು ಅಂದ್ರೆ ನನ್ನನ್ನೇ ತಿಂದುಹಾಕ್ತಾರೆ ಅಂತ ಸುಮ್ಮನಿದ್ದೆ. ಬೆಳಗಾಗೋಕೆ ಮುಂಚೆ ಎದ್ದು ಬುತ್ತಿ ಕಟ್ಟಿ ಕಟ್ಟಿ ನನ್ನ ಸೊಂಟ ಬಿದ್ದು ಹೋಯ್ತಲ್ಲೋ, ಹಾಳಾದವ್ರಾ! ಮೂರು ಜನ ಒಂದೇ ಮನೆ ನೀರು ಕುಡೀತೀವಿ, ಒಬ್ಬರಿಗಾದ್ರೂ ಬಾಯಿ ಬೇಡ್ವಾ?"

ಸಂಘಟನೆ, ಒಗ್ಗಟ್ಟು ಎಂದು ಬಾಳಿಡೀ ಸಭೆ ಮಾಡಿಕೊಂಡು ಬಂದವನು ನಾನು. ಒಬ್ಬರಿಗಾಗಿ ಇನ್ನೊಬ್ಬರು ದುಡಿಯುವುದು ದೊಡ್ಡ ವಿಷಯ ಎಂದು ಹೇಳಿಕೊಂಡೇ ಬಂದಿದ್ದೇನೆ. ಇವರಿಬ್ಬರೂ ಒಬ್ಬರಿಗಾಗಿ ಒಬ್ಬರು ದುಡಿದು ಇಬ್ಬರೂ ಹಾಳಾಗಿದ್ದರು. ನಾನು ಟೀ ಕುಡಿದು ಎದ್ದು ಬಂದೆ.

ಗುಟ್ಟು ಒಡೆಯಿತು ಎಂದು ಕೆಲಸ ಬಿಡುವ ಹಾಗಿರಲಿಲ್ಲ. ಕೆಡಿಸಿದ್ದು ಹಾಗೇ ಬಿದ್ದಿತ್ತು. ಇಬ್ಬರೂ ಮತ್ತೆ ಹೋದರು. ಕೆಟ್ಟ ನಾಲಿಗೆಯನ್ನು ಪೂರ್ತಿ ಕತ್ತರಿಸಿ, ತೊಲೆಯ ತುದಿಯನ್ನು ಒಳಗಿನವರೆಗೆ ಸೀಳಿ, ಗಟ್ಟಿ ಮರದಿಂದ ಬೇರೆಯೇ ಒಂದು ನಾಲಿಗೆ ಮಾಡಿ ಆ ಸೀಳಿಗೆ ಸೇರಿಸಿ ಮರದ ಗೂಟ ಜಡಿದರು. "ಮುದುಕರಿಗೆ ಕಟ್ಟುಹಲ್ಲು, ಮುದಿ ತೊಲೆಗೆ ಕಟ್ಟುನಾಲಿಗೆ," ಅಂದ ಭಾವ. ಆ ಮಾತಿಗೆ ಗೂಟ ನಗಲಿಲ್ಲ, ಇನ್ನೊಂದು ಸಲ ಹೇಳಿದಾಗ ನಕ್ಕ. ಈಗ ಕೆಮ್ಮುವ ನಾಟಕವಿರಲಿಲ್ಲ. ಭಾವ ಎಲ್ಲರೆದುರಿಗೇ, "ಗೆರೆ ಎಲ್ಲಿದೆಯೋ?" ಎಂದು ಗಟ್ಟಿಯಾಗಿ ಕೇಳುತ್ತಿದ್ದ. ಗೂಟ ತಲೆಯ ಮೇಲಿನ ಕೆಲಸ ಬಂದಾಗ, "ಇದು ನನ್ನಿಂದಾಗಲ್ಲ," ಎಂದು ಕೆಳಗೆ ಕೂತುಬಿಡುತ್ತಿದ್ದ. ಹಗ್ಗ ಹಿಡಿಯುವ ಹೆಂಗಸರೇ ಮೇಲೆ ಹತ್ತಿ ಬಡಿದರು. ಕೆಲಸ ಆಮೆಯ ಹಾಗೆ ಸಾಗಿತು. ಮೇಸ್ತ್ರಿ ದಿನಾ ಗೊಣಗಿದ. ಸಾಗಿತು.

ಹಿಂದಿನ ಚೌಕಟ್ಟು ನಿಂತು ಕೊನೆಯ ಗೂಟ ಒಳಗೆ ಹೋದ ದಿನ ಎಂಜಿನಿಯರಮ್ಮ ಬಂದು, ಕಂಬದಿಂದ ಕಂಬಕ್ಕೆ ಕೈಯಾಡಿಸುತ್ತ ಒಂದು ಸುತ್ತು ಬಂದರು. ಗೋಡೆಗಳಿಲ್ಲದ ಮನೆ. ಈ ಕಡೆ ನಿಂತರೆ ಆ ಕಡೆಯ ಹೊಲ, ರಸ್ತೆ, ಹೋಗುವ ಬಸ್ಸು ಎಲ್ಲ ಕಾಣುತ್ತಿತ್ತು. ಹೊಸ ನಾಲಿಗೆ ಹಾಕಿದ ಜಾಗವನ್ನು ಬೆರಳಿನಿಂದ ತಟ್ಟಿ ನೋಡಿದರು. ಅದು ಚೆನ್ನಾಗೇನೂ ಇರಲಿಲ್ಲ, ಆದರೆ ಗಟ್ಟಿಯಾಗಿತ್ತು.

"ಹಿಂದುಗಡೆ ಕಣಜದ ಕಟ್ಟಡ ಇದೆಯಲ್ಲ, ಅದೂ ಇದೇ ಥರದ್ದು," ಅಂದರು. "ಆ ಕೆಲಸವೂ ಒಪ್ಪಿಗೆ ಆಗಿದೆ. ಬೇರೆಯವರಿಗೆ ಮೊದಲಿಂದ ಹೇಳಿಕೊಡೋ ಶಕ್ತಿ ನನಗಿಲ್ಲ. ನೀವೇ ಮಾಡ್ತೀರಾ?"

ಗೂಟ ಭಾವನ ಕಡೆ ನೋಡಿದ. ಭಾವನ ಮುಖ ಗೂಟನ ಕಡೆಗಿತ್ತು, ಅವನಿಗೆ ಏನು ಕಾಣುತ್ತಿತ್ತೋ. ಹಳೇ ಕಾಯಿಲೆ ಮತ್ತೆ ಮರುಕಳಿಸುತ್ತದೆ ಎಂದುಕೊಂಡೆ.

"ಭಾವನಿಗೆ ಕಣ್ಣು..." ಎಂದು ಗೂಟ ಶುರು ಮಾಡಿದ. ನಿಲ್ಲಿಸಿದ. ಟವೆಲಿನಿಂದ ಕತ್ತು ಒರೆಸಿಕೊಂಡ. "ಭಾವನ ವಿಷಯ ಭಾವ ಹೇಳ್ತಾರೆ. ನನಗೆ ಸಾಕಾಗಿದೆಯಮ್ಮ. ನಾನು ಮಾಡಲ್ಲ."

"ನನಗೂ ಸಾಕು," ಅಂದ ಭಾವ, ಇವನ ಮಾತು ಮುಗಿಯುವುದನ್ನೇ ಕಾಯುತ್ತಿದ್ದವನ ಹಾಗೆ.

ಎಂಜಿನಿಯರಮ್ಮ ತಲೆಯಾಡಿಸಿದರು. "ಹೀಗೆ ಹೇಳೋದು ಎಷ್ಟು ಸುಲಭ ಅಲ್ವಾ," ಅಂದರು. ಫೋನ್ ಬಂತು, ಆ ಕಡೆ ಹೋದರು.

ಅವರಿಬ್ಬರೂ ಉಪಕರಣ ಚೀಲಕ್ಕೆ ತುಂಬಿಕೊಂಡು ಹೊರಟರು. ಚಪ್ಪಾಳೆ ಹೊಡೆಯುವವರು ಯಾರೂ ಇರಲಿಲ್ಲ, ಆ ಹೊತ್ತಿಗೆ ಮಣ್ಣಿನ ಕೆಲಸದವರು ಬಂದು ಜಾಗ ಬಿಡಿ ಜಾಗ ಬಿಡಿ ಎನ್ನುತ್ತಿದ್ದರು.

ಒಂದು ವಾರ ಬಿಟ್ಟು ಅವರ ಮನೆಗೆ ಹೋದೆ. ಗೂಟ ತನ್ನ ಕೋಣೆಯಲ್ಲಿ ನೋವಿಲ್ಲದ ಭುಜದ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ. ಭಾವ ಕಟ್ಟೆಯ ಮೇಲೆ ಕೂತು, ದಾರಿಯಲ್ಲಿ ಹೋಗುವವರನ್ನು ಹೆಜ್ಜೆ ಸಪ್ಪಳದಿಂದಲೇ ಗುರುತು ಹಿಡಿದು ಕೂಗಿ ಮಾತಾಡಿಸುತ್ತಿದ್ದ, ಅರ್ಧಕ್ಕರ್ಧ ತಪ್ಪು. ಹುಚ್ಚೇನೂ ಹಿಡಿದಿರಲಿಲ್ಲ. ಅಕ್ಕ ಒಳಗಿನಿಂದ ಟೀ ತಂದುಕೊಟ್ಟಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಹೇಗಿದೆ ಅಕ್ಕ, ಇಬ್ಬರೂ ಮನೆಯಲ್ಲೇ ಇದಾರಲ್ಲ?" ಅಂದೆ.

"ಇದಾರೆ," ಅಂದಳು. "ಬೆಳಗ್ಗೆಯಿಂದ ರಾತ್ರೀವರೆಗೂ ಇದಾರೆ. ಮೊದಲು ಬುತ್ತಿ ಕಟ್ಟಿ ಕಳಿಸಿದ್ರೆ ಸಂಜೇವರೆಗೆ ಒಬ್ಬಳೇ ಕಾಲು ಚಾಚಿ ಮಲಗ್ತಿದ್ದೆ. ಈಗ ಹೊತ್ತುಹೊತ್ತಿಗೂ ಟೀ, ಹೊತ್ತುಹೊತ್ತಿಗೂ ಇಬ್ಬರ ಜಗಳದ ಪಂಚಾಯ್ತಿ. ನಿಮ್ಮ ಆಸ್ಪತ್ರೆ ಶುರುವಾದ್ರೆ ಕಸ ಗುಡಿಸೋಕೆ ಯಾರಾದ್ರೂ ಬೇಕಾದ್ರೆ ಹೇಳಪ್ಪ. ನಾನು ಬರ್ತೀನಿ."